ಅರವತ್ತು ಅಡಿ ಹೊಳೆ

ನಮ್ಮ ಮನೆಯ ಅಟ್ಟದಿಂದ ಗೋಬಿ ಮಂಚೂರಿಯ ವಾಸನೆ ಬರತೊಡಗಿದ್ದು ಕಳೆದ ತಿಂಗಳು. ನಮ್ಮ ಮನೆಯಲ್ಲಿ ಗೋಬಿ ಮಾಡುವುದಿಲ್ಲ. ತಿನ್ನಬೇಕೆನಿಸಿದರೆ ನಾನು ಸಂಜೆ ಗಾಡಿಯ ಹತ್ತಿರ ಹೋಗಿ, ತಿಂದು, ಬಾಯಿ ಮುಕ್ಕಳಿಸಿ, ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕಿ ಬಂದವನ ಮುಖ ಮಾಡಿಕೊಂಡು ಮನೆಗೆ ಬರುತ್ತೇನೆ. ಹಾಗಾಗಿ ಹೆಂಡತಿಯ ಅನುಮಾನ ಮೊದಲು ನನ್ನ ಮೇಲೆಯೇ ಬಿತ್ತು. "ತಂದು ಅಟ್ಟದಾಗ ಬಚ್ಚಿಟ್ಟು ತಿನ್ನೋ ಮಟ್ಟಕ್ಕೆ ಬಂದ್ರೇನ್ರಿ?" ಎಂದು ಕೇಳಿದಳು. ಏಣಿ ಹಾಕಿ ಹತ್ತಿ, ಹರಿದ ಹಾಸಿಗೆ, ಕೆಟ್ಟ ಫ್ಯಾನು ಎಲ್ಲವನ್ನೂ ಸರಿಸಿ ನೋಡಿದರೆ, ವಾಸನೆ ಬರುತ್ತಿದ್ದುದು ಒಂದು ದುಂಡನೆಯ ತಗಡಿನ ಡಬ್ಬಿಯಿಂದ. ಅದರೊಳಗಿರುವುದು ಸಿನಿಮಾ ರೀಲಿನ ಒಂದು ತುಂಡು. ಫಿಲಂ ಹಳತಾಗಿ ಕೊಳೆಯುವಾಗ ವಿನೆಗರ್ ವಾಸನೆ ಬಿಡುತ್ತದಂತೆ. ಗೋಬಿ ಗಾಡಿಯವರು ಸುರಿಯುವುದೂ ಅದನ್ನೇ. ನನ್ನ ಕಲಾಸೇವೆಯ ಒಟ್ಟು ಆಸ್ತಿ ಹೀಗೆ ಬೀದಿ ತಿಂಡಿಯ ವಾಸನೆ ಹೊಡೆಯುತ್ತಿತ್ತು.

ಕಾಕತಾಳೀಯವೆಂದರೆ ಅದೇ ವಾರ ಹರಿಹರದಿಂದ ಗಿರಿಜಕ್ಕನ ಫೋನು ಬಂತು. ಗಿರಿಜಕ್ಕ ನನ್ನ ಗೆಳೆಯ ನಾಗರಾಜನ ಹೆಂಡತಿ. ನಾನು ಸಂಭಾಷಣೆ ಬರೆದ ಒಂದೇ ಒಂದು ಸಿನಿಮಾದ ನಾಯಕಿ. ನಾಗರಾಜ ಅದರ ನಿರ್ದೇಶಕ. ಅವನು ಹೋಗಿ ಆರೇಳು ವರ್ಷವಾಯಿತು.

"ಮೊಮ್ಮಗಳು ನಂಬ್ತಿಲ್ರಿ" ಎಂದಳು ಗಿರಿಜಕ್ಕ. "ಅಜ್ಜಿ ಸಿನಿಮಾದಾಗ ಇದ್ಲು ಅಂದ್ರೆ ಬಿದ್ದು ಬಿದ್ದು ನಗ್ತಾಳೆ. ಆ ಹೊಳೆ ತುಂಡು ನಿಮ್ಮತ್ರ ಐತೆ ಅಂತಿದ್ರಲ್ಲ, ಒಂದ್ಸಲ ತಗಂಡು ಬರ್ರಿ. ಸಿನಿಮಾದಾಗಿನ ನನ್ ಮುಖ ಇನ್ನೆಲ್ಲೂ ಉಳಿದಿಲ್ಲ."

"ಐತೆ, ಭದ್ರವಾಗಿ ಐತೆ. ಭಾನುವಾರ ತರ್ತೀನಿ" ಎಂದೆ. ಆ ಮಾತು ನನ್ನ ಬಾಯಿಂದ ಸಲೀಸಾಗಿ ಬಂತು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು, ಮದುವೆ ಮನೆಗಳಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಕೊನೆಗೆ ನಾಗರಾಜನ ತಿಥಿಯ ಊಟದ ಪಂಕ್ತಿಯಲ್ಲೂ ಹೇಳಿದ ಮಾತದು. ಕನ್ನಡ ಚಿತ್ರರಂಗದ ಒಂದು ಅಪೂರ್ವ ದೃಶ್ಯವನ್ನು ಕಸದಿಂದ ಉಳಿಸಿದವನು ನಾನು ಎಂದು ಹೇಳಿಕೊಳ್ಳುವಾಗ ನನ್ನ ದನಿ ಈಗಲೂ ಸ್ವಲ್ಪ ತಗ್ಗುತ್ತದೆ, ದೊಡ್ಡವರ ದನಿ ತಗ್ಗುವ ಹಾಗೆ.

ಆದರೆ ಡಬ್ಬಿಯ ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅಂಚಿಗೆ ಕೊಬ್ಬರಿ ಎಣ್ಣೆ ಬಿಟ್ಟು, ಹಿತ್ತಲ ಕಟ್ಟೆಯ ಮೇಲೆ ಬಿಸಿಲಿಗಿಟ್ಟು ಕುಳಿತೆ. ಅದು ಸಡಿಲವಾಗುವ ತನಕ ನಿಮಗೆ ಕೊಟ್ರಪ್ಪನವರ ವಿಷಯ ಹೇಳಿಬಿಡುತ್ತೇನೆ. ಕಡಿಮೆ ಖರ್ಚಿನಲ್ಲಿ ಸಿನಿಮಾ ಮಾಡಿ ಲಾಭ ಗಳಿಸುವುದು ಹೇಗೆಂದು ಈಚೆಗೆ ಹುಡುಗರು ದೊಡ್ಡ ದೊಡ್ಡ ಹೋಟೆಲುಗಳಲ್ಲಿ ಶಿಬಿರ ಮಾಡುತ್ತಾರಂತೆ. ಅವರಿಗೆಲ್ಲ ಗುರುವಾಗಬಹುದಾಗಿದ್ದ ಮನುಷ್ಯ ದಾವಣಗೆರೆಯ ಬಟ್ಟೆ ಬಜಾರಿನಲ್ಲಿ ಕೊರಳಿಗೆ ಟೇಪು ಹಾಕಿಕೊಂಡು ಕೂತಿದ್ದರು.

ಕೊಟ್ರಪ್ಪನವರದು ಕಟ್‌ಪೀಸ್ ಅಂಗಡಿ. ಮಿಲ್ಲಿನ ಥಾನುಗಳನ್ನು ಹರಿದ ಮೇಲೆ ಕೊನೆಯಲ್ಲಿ ಉಳಿಯುವ ಒಂದೂವರೆ ಮೀಟರು, ಎರಡು ಮೀಟರಿನ ತುಂಡುಗಳನ್ನು ತೂಕಕ್ಕೆ ತಂದು ಅಳತೆಗೆ ಮಾರುವುದು ಅವರ ವ್ಯಾಪಾರ. ಹಣೆಯ ತುಂಬ ವಿಭೂತಿ, ಬಾಯಲ್ಲಿ ಶರಣರ ಹೆಸರು, ಕೈಯಲ್ಲಿ ಕತ್ತರಿ. ಅವರ ಅಂಗಡಿಯಲ್ಲಿ ಷರ್ಟು ಹೊಲಿಸಲು ಬಟ್ಟೆ ಕೊಂಡರೆ ಒಂದು ತೋಳಿಗೆ ಸಾಲದೇ ಬರುತ್ತಿತ್ತು. ಆಗ ಆ ತೋಳಿಗೆಂದು ಇನ್ನೊಂದು ತುಂಡು ಮಾರುತ್ತಿದ್ದರು. ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ಊರಿಗೆಲ್ಲ ಅದರ ಹುರುಪು. ಕೊಟ್ರಪ್ಪನವರಿಗೂ ಏನಾದರೂ ಮಾಡಬೇಕೆನಿಸಿತು. "ಜಿಲ್ಲೆ ಆತು, ಡೀಸಿ ಬಂದ್ರು, ಎಸ್ಪಿ ಬಂದ್ರು. ನಮ್ಮೂರಿಗೆ ಅಂತ ಒಂದು ಸಿನಿಮಾ ಬ್ಯಾಡೇನ್ರಿ?" ಎಂದು ಬಂದ ಗಿರಾಕಿಗಳನ್ನೆಲ್ಲ ಕೇಳುತ್ತಿದ್ದರು. ಗಿರಾಕಿಗಳು ಬೇಕು ಎನ್ನುತ್ತಿದ್ದರು. ಬ್ಯಾಡ ಎಂದವರಿಗೆ ಬಟ್ಟೆಯ ದರದಲ್ಲಿ ರಿಯಾಯಿತಿ ಸಿಗುತ್ತಿರಲಿಲ್ಲ.

ನಾಗರಾಜ ಹರಿಹರದ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸಗಾರ. ಮದುವೆಗೆ ಮೊದಲು ಎರಡು ವರ್ಷ ಬೆಂಗಳೂರಿಗೆ ಓಡಿಹೋಗಿ, ಸಿನಿಮಾದವರ ಬಳಿ ಕ್ಲಾಪ್ ಹಲಗೆ ಹಿಡಿದು, ಅರ್ಧ ಹೊಟ್ಟೆ ಉಂಡು ವಾಪಸು ಬಂದಿದ್ದ. ಯಾರಾದರೂ ನೆಂಟರು ಬಂದರೆ ಹರಿಹರದ ದೇವಸ್ಥಾನಕ್ಕೆ ಕರೆದೊಯ್ಯುತ್ತಿದ್ದ, ದೇವರನ್ನು ತೋರಿಸಲು ಅಲ್ಲ, ಕಂಬಗಳನ್ನು ತೋರಿಸಲು. ನುಣ್ಣಗಿನ ಆ ಕಂಬಗಳನ್ನು ಸವರುತ್ತಾ, "ಇದು ಲೇತ್ ಕೆಲಸ ನೋಡ್ರಿ. ಕಲ್ಲು ತಿರುಗಿಸಿ ಹಿಡಿದಾರೆ. ಒಂದು ನೂಲು ಆಚೆ ಈಚೆ ಇಲ್ಲ" ಎನ್ನುತ್ತಿದ್ದ. ಸಿನಿಮಾವನ್ನೂ ಹಾಗೇ ಮಾಡಬೇಕೆಂಬುದು ಅವನ ಆಸೆಯಾಗಿತ್ತು.

ಅವನ ಕತೆ ಸಣ್ಣದು. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಹೆಂಗಸು. ಗಂಡ ದೂರದೂರಿಗೆ ದುಡಿಯಲು ಹೋದವನು ಬಂದಿಲ್ಲ. ಒಂದು ದಿನ ಪತ್ರ ಬರುತ್ತದೆ. ಅವಳಿಗೆ ಓದಲು ಬಾರದು. ಯಾರಿಂದಲೂ ಓದಿಸುವುದೂ ಇಲ್ಲ. ಪತ್ರ ಒಲೆಯ ಮೇಲಿನ ಗೂಡಿನಲ್ಲೇ ಇರುತ್ತದೆ. ವಾರಕ್ಕೊಮ್ಮೆ ಗಂಡನ ಅಂಗಿಯನ್ನು ಹೊಳೆಗೆ ಒಯ್ದು ಒಗೆದು, ಒಣಗಿಸಿ, ಮಡಿಸಿ ಇಡುತ್ತಾಳೆ. ಅಷ್ಟೇ.

ನಾನು ಕರೆಂಟು ಆಫೀಸಿನ ಗುಮಾಸ್ತ. ಆಫೀಸಿನ ವಾರ್ಷಿಕೋತ್ಸವಕ್ಕೆ ಎರಡು ನಗೆನಾಟಕ ಬರೆದಿದ್ದೆನಾದ್ದರಿಂದ ಸಾಹಿತಿ ಎಂಬ ಭ್ರಮೆ ನನ್ನಲ್ಲೂ, ನನ್ನಿಂದಾಗಿ ನಾಗರಾಜನಲ್ಲೂ ಇತ್ತು. ಇಬ್ಬರೂ ಹೋಗಿ ಕೊಟ್ರಪ್ಪನವರ ಗಾದಿಯ ಮೇಲೆ ಕೂತು ಕತೆ ಹೇಳಿದೆವು. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಪತ್ರ ಓದಿಸಿಬಿಟ್ರೆ ಏನಾಗ್ತೈತೆ?" ಎಂದರು.

"ಓದಿಸಿದ್ರೆ ಸಿನಿಮಾ ಮುಗೀತು ಸಾವ್ಕಾರ್ರೇ" ಎಂದ ನಾಗರಾಜ.

"ಹಂಗಾದ್ರೆ ಓದಿಸೋದು ಬ್ಯಾಡ ಬಿಡು. ಒಟ್ಟು ಎಷ್ಟಡಿ ಬೀಳ್ತೈತೆ, ಅದನ್ ಹೇಳು."

ಸಿನಿಮಾ ಫಿಲಂ ಅಡಿ ಲೆಕ್ಕದಲ್ಲಿ ಬರುತ್ತದೆ ಎಂದು ತಿಳಿದ ಗಳಿಗೆಯಲ್ಲೇ ಕೊಟ್ರಪ್ಪನವರು ಸಿನಿಮಾವನ್ನು ಪ್ರೀತಿಸತೊಡಗಿದರೆಂದು ನನ್ನ ನಂಬಿಕೆ. ದೊಡ್ಡ ಸಿನಿಮಾದವರು ಒಂದು ಡಬ್ಬಿ ಫಿಲಂನಲ್ಲಿ ಬೇಕಾದಷ್ಟು ಬಳಸಿ ಕೊನೆಯ ಐವತ್ತು ಅರವತ್ತು ಅಡಿ ಹಾಗೇ ಬಿಡುತ್ತಾರೆ, ಅದನ್ನು ಅಗ್ಗಕ್ಕೆ ಮಾರುವವರೂ ಇದ್ದಾರೆ ಎಂದು ನಾಗರಾಜ ಹೇಳಿದಾಗಲಂತೂ ಅವರು ಗಾದಿಯಿಂದ ಅರ್ಧ ಎದ್ದುಬಿಟ್ಟರು. "ಅಲ್ಲೂ ಕಟ್‌ಪೀಸ್ ಐತೇನೋ! ಮೊದ್ಲೇ ಹೇಳಬಾರ್ದಾ?" ಎಂದು ಅಲ್ಲೇ ಒಪ್ಪಿದರು. ಕಾಫಿ ತರಿಸಿದರು, ಮೂವರಿಗೂ ಸೇರಿಸಿ ಎರಡು.

ಹೀಗೆ ನಮ್ಮ ಸಿನಿಮಾ ಶುರುವಾದದ್ದು ಬೇರೆಯವರ ಸಿನಿಮಾಗಳ ಬಾಲಗಳಿಂದ. ಎಪ್ಪತ್ತು ಅಡಿಯ ಡಬ್ಬಿ ಸಿಕ್ಕ ದಿನ ಎಪ್ಪತ್ತು ಅಡಿಯ ದೃಶ್ಯ, ಮೂವತ್ತು ಸಿಕ್ಕ ದಿನ ಮೂವತ್ತರದು. ಒಂದು ಸೆಕೆಂಡಿಗೆ ಒಂದೂವರೆ ಅಡಿ ಓಡುತ್ತದೆ. ನಾನು ಬರೆದ ಮಾತುಗಳನ್ನು ಕೊಟ್ರಪ್ಪನವರು ಓದುತ್ತಿರಲಿಲ್ಲ, ಅಳೆಯುತ್ತಿದ್ದರು. ನನ್ನನ್ನು ಅವರು ಕರೆಯುತ್ತಿದ್ದುದು ಕವಿಗಳೇ ಎಂದು. ಹಳೆಯ ನಾಟಕ ಕಂಪನಿಗಳ ವಾಡಿಕೆ ಅದು. "ಕವಿಗಳೇ, ಈ ಅಳು ಹದಿನೈದಡಿಗೆ ಮುಗೀಬೇಕು. ಅದ್ರ ಮ್ಯಾಲೆ ಅತ್ರೆ ಅವ್ರ ಸ್ವಂತ ಖರ್ಚು" ಎನ್ನುತ್ತಿದ್ದರು. ನಾನು ಹದಿನೈದಡಿಯ ಅಳುವನ್ನು ಬರೆದುಕೊಡುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆದರೆ ಹೇಳಿಬಿಡುತ್ತೇನೆ, ನನ್ನ ಬರವಣಿಗೆ ಅದರಿಂದ ಎಷ್ಟೋ ಸುಧಾರಿಸಿತು.

ನಾಯಕಿಯ ಪಾತ್ರಕ್ಕೆ ಬೆಂಗಳೂರಿನ ಒಬ್ಬ ನಟಿಯನ್ನು ಕೇಳಿದ್ದಾಯಿತು. ಆಕೆ ಒಳ್ಳೆಯ ರೂಮು, ಊಟಕ್ಕೆ ಇಂಥದೇ ಅಕ್ಕಿ ಎಂದೆಲ್ಲ ಕೇಳಿದಳು. "ಮಂಡಕ್ಕಿ ಭಟ್ಟಿ ಹೆಂಗ್ಸಿಗೆ ಇಷ್ಟೆಲ್ಲ ಯಾಕ?" ಎಂದು ಕೊಟ್ರಪ್ಪನವರಿಗೆ ನಿಜವಾಗಿಯೂ ಬೇಸರವಾಯಿತು. ನಾಗರಾಜನ ಕಡೆ ತಿರುಗಿ, "ನಿನ್ ಹೆಂಡ್ತಿ ಅದಾಳಲ್ಲೋ" ಎಂದರು. ದುಡ್ಡು ಕೊಡಬೇಕಿಲ್ಲ ಎಂಬುದು ಆ ವಾಕ್ಯದಲ್ಲೇ ಇತ್ತು.

ಗಿರಿಜಕ್ಕ ಹರಿಹರದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು. ನಾವು ಕೇಳಲು ಹೋದಾಗ ಮಷಿನ್ ನಿಲ್ಲಿಸದೆಯೇ ಕೇಳಿಸಿಕೊಂಡಳು. ಕೊನೆಗೆ ದಾರ ಕಡಿದು ಹೇಳಿದಳು: "ಮಾಡ್ತೀನಿ. ದುಡ್ಡು ಬ್ಯಾಡ. ಆದ್ರೆ ನನ್ ಮುಖ ಸರಿಯಾಗಿ ಕಾಣ್ಬೇಕು. ನಮ್ಮವ್ವ ಸತ್ತಾಗ ನನಗೆ ನಾಲ್ಕು ವರ್ಷ. ಒಂದ್ ಫೋಟೋನೂ ಇಲ್ರಿ ಆಕೆದು. ಎಷ್ಟು ನೆನೆಸಿಕಂಡ್ರೂ ಮುಖ ಬರಲ್ಲ, ಬರೇ ಸೀರೆ ಬಣ್ಣ ಬರ್ತೈತೆ. ನನ್ ಮಕ್ಳು ಮೊಮ್ಮಕ್ಳಿಗೆ ಹಂಗಾಗಬಾರ್ದು."

ನಾಗರಾಜ ಹೆಂಡತಿಗೆ ಮಾತು ಕೊಟ್ಟ. ಪಕ್ಕದಲ್ಲೇ ಇದ್ದ ನಾನೂ ಕೊಟ್ಟೆ. ಯಾರೂ ನನ್ನನ್ನು ಕೇಳಿರಲಿಲ್ಲ.

ಇನ್ನು ಹಣ. ಸಾಲ ಮಾಡುವುದು ಕೊಟ್ರಪ್ಪನವರ ಜಾಯಮಾನವಲ್ಲ. ಕೈಯಿಂದ ಹಾಕುವುದು ಅದಕ್ಕಿಂತ ದೂರದ ಮಾತು. ನಮ್ಮ ಕಡೆ ಮದುವೆಗಳಲ್ಲಿ ಮುಯ್ಯಿ ಮಾಡುವುದು ನಿಮಗೆ ಗೊತ್ತಲ್ಲ. ಯಾರು ಏನು ಕೊಟ್ಟರೆಂದು ಮೈಕಿನಲ್ಲಿ ಹೆಸರು ಹಿಡಿದು ಕೂಗುತ್ತಾರೆ. ಹೆಸರು ಕೂಗಿಸಿಕೊಳ್ಳಲೆಂದೇ ಕೊಡುವವರು ಅರ್ಧಕ್ಕರ್ಧ. ಕೊಟ್ರಪ್ಪನವರು ಹೆಸರಿನ ಜಾಗಕ್ಕೆ ಮುಖ ಇಟ್ಟರು. ಸಿನಿಮಾಕ್ಕೆ ಮುಯ್ಯಿ ಕೊಟ್ಟವರ ಮುಖ ತೆರೆಯ ಮೇಲೆ ಬರುತ್ತದೆ. ಬರೀ ಮುಖಕ್ಕೆ ಒಂದು ದರ, ಮಾತಾಡುವ ಮುಖಕ್ಕೆ ಇನ್ನೊಂದು. ಮೇಲಾಗಿ, ತೆರೆಯ ಮೇಲೆ ಬರುವವರು ಹೊಸ ಬಟ್ಟೆಯಲ್ಲೇ ಬರಬೇಕು, ಆ ಬಟ್ಟೆಯನ್ನು ಅವರ ಅಂಗಡಿಯಲ್ಲೇ ಕೊಳ್ಳಬೇಕು. ಕ್ಯಾಮೆರಾ ಬಾಡಿಗೆಗೆ ಬರುವ ಮೊದಲೇ ಸಿನಿಮಾ ಲಾಭದಲ್ಲಿತ್ತು.

ದಾವಣಗೆರೆಯ ದಲಾಲರು, ಹರಿಹರದ ಕಂಟ್ರಾಕ್ಟರುಗಳು, ಕೊಂಡಜ್ಜಿ, ಲೋಕಿಕೆರೆಯ ಗೌಡರು, ಎಲ್ಲರೂ ಮುಗಿಬಿದ್ದರು. ನಾಗರಾಜನ ಕತೆಯಲ್ಲಿ ಇದ್ದದ್ದು ಮೂರೂವರೆ ಪಾತ್ರ. ಈಗ ಮುನ್ನೂರು ಮುಖಗಳನ್ನು ಎಲ್ಲಿ ಕೂರಿಸುವುದು? ನಾನೇ ಉಪಾಯ ಹೇಳಿದೆ, ಅದನ್ನು ಮುಚ್ಚಿಡುವುದಿಲ್ಲ: ಒಂದು ಮದುವೆ ಸೇರಿಸೋಣ ಎಂದೆ. ಸೇರಿಸಿದೆವು. ಸಾಲಲಿಲ್ಲ. ಮೂರು ಮದುವೆಯಾದವು. ಗಂಡನ ದಾರಿ ಕಾಯುವ ಬಡ ಹೆಂಗಸಿನ ಸಿನಿಮಾದಲ್ಲಿ ಒಂದರ ಹಿಂದೊಂದು ಮೂರು ಮದುವೆ, ಒಂದು ಗೃಹಪ್ರವೇಶ. 'ಓದದ ಪತ್ರ' ಎಂದಿದ್ದ ಹೆಸರನ್ನು ತೆಗೆದು ಕೊಟ್ರಪ್ಪನವರು 'ಎಲ್ಲರೂ ಬರ್ರಿ' ಎಂದು ಇಟ್ಟರು. ಆ ಹೆಸರೇ ಸರಿಯಾಗಿತ್ತು ಎಂದು ಈಗ ಅನಿಸುತ್ತದೆ.

ಆ ಮದುವೆಗಳ ಚಿತ್ರೀಕರಣವನ್ನು ನೀವು ನೋಡಬೇಕಿತ್ತು. ಆಗ ಊರ ಮದುವೆಗಳಿಗೆಲ್ಲ ವೀಡಿಯೋದವರು ಬರತೊಡಗಿದ್ದ ಕಾಲ. ಲೈಟು ಮುಖಕ್ಕೆ ಬಿದ್ದರೆ ಏನು ಮಾಡಬೇಕೆಂದು ಜನಕ್ಕೆ ಅಭ್ಯಾಸವಾಗಿತ್ತು. ಗಂಡಸರು ತುತ್ತನ್ನು ಅರ್ಧದಲ್ಲೇ ಹಿಡಿದು ಕ್ಯಾಮೆರಾ ನೋಡುತ್ತಿದ್ದರು. ಹೆಂಗಸರು ಸೆರಗು ಸರಿಮಾಡಿಕೊಂಡು ಪಕ್ಕದವಳ ಹಿಂದೆ ಅಡಗುತ್ತಿದ್ದರು. ಕಾಣಲು ದುಡ್ಡು ಕೊಟ್ಟಿದ್ದರೂ ಸಹ. ಬಡಿಸುವವನು ಅನ್ನದ ಸೌಟನ್ನು ಎಲೆಯ ಮೇಲೆ ಹಿಡಿದು, ಲೈಟು ಹೋಗುವ ತನಕ ಬಡಿಸುತ್ತಿರಲಿಲ್ಲ. "ಕ್ಯಾಮೆರಾ ನೋಡಬ್ಯಾಡ್ರಿ, ಸುಮ್ನೆ ಊಟ ಮಾಡ್ರಿ" ಎಂದು ನಾಗರಾಜ ಗೋಗರೆಯುತ್ತಿದ್ದ. "ನೋಡದಿದ್ರೆ ಮುಖ ಹೆಂಗೆ ಕಾಣ್ತೈತೆ?" ಎಂದು ದಲಾಲರೊಬ್ಬರು ಸಿಟ್ಟಾದರು. ಅವರು ಹೇಳಿದ್ದರಲ್ಲೂ ನ್ಯಾಯವಿತ್ತು.

ಇಷ್ಟೆಲ್ಲ ಲೇವಡಿ ಮಾಡುವ ನಾನು ಏನು ಮಾಡಿದೆ ಗೊತ್ತೆ? ಬೋನಸ್ಸಿನ ದುಡ್ಡನ್ನು ಹೆಂಡತಿಗೆ ತಿಳಿಸದೆ ಕೊಟ್ರಪ್ಪನವರಿಗೆ ಕೊಟ್ಟು ಮಾತಾಡುವ ಮುಖ ಕೊಂಡೆ. ನಾನು ಅಂಚೆಯವನು. ಬಾಗಿಲಿಗೆ ಬಂದು "ಅಮ್ಮಾ, ಪತ್ರ ಬಂದೈತೆ. ಓದಿ ಹೇಳಲೇನು?" ಎನ್ನಬೇಕು, ಆಕೆ ಬೇಡವೆಂದು ತಲೆಯಾಡಿಸಬೇಕು. ಪತ್ರ ತೆಗೆದುಕೊಳ್ಳುವಾಗ ಅವಳ ಮುಖ ಕಾಣಬೇಕು ಎಂದು ನಾಗರಾಜ ಕ್ಯಾಮೆರಾವನ್ನು ನನ್ನ ಬೆನ್ನ ಹಿಂದೆ ಇಟ್ಟಿದ್ದ. ನಾನು ಅವನನ್ನು ಪಕ್ಕಕ್ಕೆ ಕರೆದೆ. "ಹರಿಹರದಲ್ಲಿ ನಮ್ಮ ಮಾವನ ಮನೆಯವರೆಲ್ಲ ನೋಡ್ತಾರೆ ಮಾರಾಯ. ಬೆನ್ನು ತೋರಿಸಾಕೆ ದುಡ್ಡು ಕೊಟ್ಟೀನೇನು?" ಎಂದೆ. ನಾಗರಾಜ ಕ್ಯಾಮೆರಾವನ್ನು ಎತ್ತಿಸಿ ಗಿರಿಜಕ್ಕನ ಹಿಂದೆ, ಭುಜದ ಪಕ್ಕಕ್ಕೆ ಇಡಿಸಿದ. ಕಂಬಕ್ಕೆ ಒಂದು ನೂಲೂ ಆಚೆ ಈಚೆ ಒಪ್ಪದ ಮನುಷ್ಯ, ನನಗಾಗಿ ಆ ಕೆಲಸ ಮಾಡಿದ.

ಹೊಳೆಯ ದೃಶ್ಯ ಕೊನೆಯ ದಿನದ್ದು. ಹರಿಹರದ ಮೆಟ್ಟಿಲುಗಳ ಮೇಲೆ ಬೆಳಿಗ್ಗೆ ತೆಗೆದದ್ದು. ಉಳಿದಿದ್ದುದು ಅರವತ್ತು ಅಡಿ, ಎಂದರೆ ನಲವತ್ತು ಸೆಕೆಂಡು. ಇನ್ನೊಮ್ಮೆ ತೆಗೆಯುವ ಮಾತೇ ಇಲ್ಲ. ಗಿರಿಜಕ್ಕ ನೀರಿಗಿಳಿದು ಅಂಗಿ ಒಗೆಯುತ್ತಿದ್ದಳು. ಬಡಿಯುತ್ತಿದ್ದ ಕೈ ನಿಂತಿತು. ಗುಂಡಿಯ ಜಾಗದಲ್ಲಿ ಗುಂಡಿ ಇರಲಿಲ್ಲ. ಅದು ಯಾರೂ ಹೇಳಿಕೊಟ್ಟದ್ದಲ್ಲ, ನಿಜವಾಗಿಯೇ ಕಿತ್ತು ಹೋಗಿತ್ತು. ಹೊಲಿಗೆಯವಳಲ್ಲವೇ, ಬೆರಳು ತಾನಾಗಿ ಆ ಜಾಗವನ್ನು ಹುಡುಕಿತು, ನೀರಿನಲ್ಲೂ ಹುಡುಕಿತು. ಆಮೇಲೆ ಹುಡುಕುವುದನ್ನು ಬಿಟ್ಟು ತಲೆ ಎತ್ತಿ ಹೊಳೆಯನ್ನು ನೋಡಿದಳು. ಅಳಲಿಲ್ಲ. ಪತ್ರದಲ್ಲಿ ಏನಿದೆಯೆಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು ಎಂಬುದು ಆ ಮುಖದಲ್ಲಿ ಕಂಡಿತು. ನಾನು ಬರೆದ ಒಂದು ಮಾತೂ ಅದರಲ್ಲಿ ಇರಲಿಲ್ಲ. ಫಿಲಂ ಮುಗಿದು ಕ್ಯಾಮೆರಾ ಬರೀ ಕಟಕಟ ಸದ್ದು ಮಾಡತೊಡಗಿದರೂ ಯಾರೂ ಕಟ್ ಅನ್ನಲಿಲ್ಲ.

ಕೊಟ್ರಪ್ಪನವರು ಕೊರಳ ಟೇಪಿನ ತುದಿಯಿಂದ ಕಣ್ಣು ಒರೆಸಿಕೊಂಡರು. "ಭಾಳ ಚಲೋ ಐತೆ" ಎಂದರು. ಟೇಪನ್ನು ಸರಿಮಾಡಿಕೊಂಡು, "ಆದ್ರೆ ಇದನ್ ನೋಡಾಕೆ ಯಾರು ಬರ್ತಾರಪ್ಪಾ?" ಎಂದರು.

ಎಲ್ಲ ಮುಖಗಳನ್ನೂ ಸೇರಿಸಿ ಸಿನಿಮಾ ಮೂರೂವರೆ ತಾಸಿನದಾಯಿತು. ತಯಾರಿಸಿದ್ದು ಒಂದೇ ಪ್ರತಿ. ಎರಡನೆಯ ಪ್ರತಿ ಎಂದರೆ ಎರಡನೆಯ ಖರ್ಚು. ಟಾಕೀಸಿನವರು ಎರಡೂವರೆ ತಾಸಿನ ಮೇಲೆ ಒಂದು ನಿಮಿಷವೂ ಓಡಿಸುವುದಿಲ್ಲ ಎಂದರು. ಎಲ್ಲರ ಎದೆ ಧಸಕ್ಕೆಂದಿತು, ಕೊಟ್ರಪ್ಪನವರದೊಂದನ್ನು ಬಿಟ್ಟು. "ಅದಕ್ಕೇನು? ಗಿರಾಕಿ ಅಳತೆಗೆ ಕತ್ತರಿಸಿದ್ರಾತು. ದಾವಣಗೆರೆಯಾಗ ದಾವಣಗೆರೆ ಮುಖ, ಹರಿಹರದಾಗ ಹರಿಹರದ ಮುಖ. ಲೋಕಿಕೆರೆಯೋರು ಹರಿಹರದೋರನ್ನ ಕಟ್ಕಂಡು ಏನ್ ಮಾಡ್ತಾರೆ?"

ಹೀಗೆ ಒಂದೇ ಸಿನಿಮಾ ಊರಿಗೊಂದು ಸಿನಿಮಾ ಆಯಿತು. ಒಂದು ಊರಿನಲ್ಲಿ ಕತ್ತರಿಸಿ ಗೋಣಿಚೀಲಕ್ಕೆ ತುಂಬಿದ ತುಂಡುಗಳನ್ನು ಮುಂದಿನ ಊರಿನಲ್ಲಿ ಅಂಟಿಸಬೇಕು, ಅಲ್ಲಿಯವು ಚೀಲಕ್ಕೆ. ಕತೆ ಗೊತ್ತಿದ್ದವನು ನಾನಾದ್ದರಿಂದ ಏನು ತೆಗೆಯಬೇಕೆಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಪ್ರೊಜೆಕ್ಟರ್ ನಡೆಸುವ ಖಾದರ್‌ಸಾಬ್ ಕತ್ತರಿ ಹಿಡಿದು, "ಕವಿಸಾಬ್, ಇವತ್ತು ಯಾರ್ಯಾರು ಸಾಯ್ತಾರೆ?" ಎಂದು ಕೇಳುತ್ತಿದ್ದ. ದುಡ್ಡು ಕೊಟ್ಟವರನ್ನು ಮುಟ್ಟುವಂತಿಲ್ಲ. ದುಡ್ಡು ಕೊಡದವಳು ಇಡೀ ಸಿನಿಮಾದಲ್ಲಿ ಒಬ್ಬಳೇ. ಊರಿಂದೂರಿಗೆ ಗಿರಿಜಕ್ಕ ಕಡಿಮೆಯಾಗುತ್ತಾ ಹೋದಳು. ದಾವಣಗೆರೆಯಲ್ಲಿ ಅವಳು ಭಟ್ಟಿಗೆ ಹೋಗುವುದು ನಿಂತಿತು. ಕೊಂಡಜ್ಜಿಯಲ್ಲಿ ಅವಳಿಗೆ ಪತ್ರವೇ ಬರಲಿಲ್ಲ. ಬಾರದ ಪತ್ರವನ್ನು ಅವಳು ಓದಿಸಲಿಲ್ಲ. ಒಬ್ಬ ಪ್ರೇಕ್ಷಕನೂ ತಕರಾರು ಮಾಡಲಿಲ್ಲ. "ನಮ್ ಕಾಕಾ ಬಂದ ನೋಡ್ರಲೇ!" ಎಂಬ ಕೂಗಿನಲ್ಲಿ ಕತೆ ಯಾರಿಗೆ ಬೇಕು? ಒಂದೇ ಮನೆಯವರು ನಾಲ್ಕು ನಾಲ್ಕು ಸಲ ಬಂದರು. ಎಲ್ಲ ಕಡೆಯೂ ಹೌಸ್‌ಫುಲ್.

ಹರಿಹರದ ಸರದಿ ಬಂದ ದಿನ ಹೊಳೆಯ ತುಂಡು ಇನ್ನೂ ಸಿನಿಮಾದಲ್ಲೇ ಇತ್ತು. ಅದನ್ನು ಮಾತ್ರ ನಾನು ಅಲ್ಲಿಯ ತನಕ ಕಾಪಾಡಿದ್ದೆ, ಅದು ನಿಜ. ಮಧ್ಯಾಹ್ನದ ಆಟಕ್ಕೆ ಗಿರಿಜಕ್ಕ ತನ್ನ ಹೊಲಿಗೆ ಕ್ಲಾಸಿನ ಹುಡುಗಿಯರನ್ನೆಲ್ಲ ಕರೆತಂದಿದ್ದಳು. ನಾಗರಾಜ ಬರಲಿಲ್ಲ, ಶಿಫ್ಟಿಗೆ ಹೋಗಿದ್ದ. ಮೇಲೆ ಕ್ಯಾಬಿನ್ನಿನಲ್ಲಿ ಅಳೆದರೆ ಇನ್ನೂ ಅರವತ್ತು ಅಡಿ ಹೆಚ್ಚು. ಖಾದರ್‌ಸಾಬ್ ಎರಡು ತುಂಡುಗಳನ್ನು ಮೇಜಿನ ಮೇಲಿಟ್ಟ. "ಒಂದು ಹೋಗಬೇಕು. ಹೊಳೆ, ಇಲ್ಲಾಂದ್ರೆ ನೀವು."

ಕೆಳಗೆ ನಮ್ಮ ಮಾವನ ಮನೆಯವರು ಹದಿಮೂರು ಜನ ಕೂತಿದ್ದರು. ನಾನು ಹೆಚ್ಚು ಹೊತ್ತು ಯೋಚಿಸಲಿಲ್ಲ. "ನಾನು ದುಡ್ಡು ಕೊಟ್ಟೀನಲ್ಲ ಸಾಬ್ರೇ" ಎಂದೆ.

ಆಟ ಮುಗಿದ ಮೇಲೆ ಗಿರಿಜಕ್ಕ ಕ್ಯಾಬಿನ್ನಿನ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಹುಡುಗಿಯರು ದೂರದಲ್ಲಿ ಗುಂಪಾಗಿ ನಿಂತು ಯಾರೂ ಅವಳ ಕಡೆ ನೋಡುತ್ತಿರಲಿಲ್ಲ. "ನಾನು ಎಲ್ಲಿ ಹೋದೆ?" ಎಂದು ಕೇಳಿದಳು. ಸಿಟ್ಟಿನಿಂದಲ್ಲ, ಕಳೆದ ಸಾಮಾನನ್ನು ಕೇಳುವ ಹಾಗೆ. ನನಗೆ ಆ ಕಣ್ಣುಗಳ ಮುಂದಿನಿಂದ ತಪ್ಪಿಸಿಕೊಂಡರೆ ಸಾಕಾಗಿತ್ತು. "ಟಾಕೀಸಿನೋರು ಕತ್ತರಿಸಿದ್ರಕ್ಕಾ. ಆದ್ರೆ ಹೊಳೆ ತುಂಡು ಭದ್ರ ಐತೆ. ನಾನೇ ಇಟ್ಕಂಡೀನಿ" ಎಂದೆ.

ಲೋಕಿಕೆರೆಯ ಟೆಂಟಿನಲ್ಲಿ ಸಿನಿಮಾದ ಆಯುಸ್ಸು ಮುಗಿಯಿತು. ಕೊಟ್ರಪ್ಪನವರು ರೀಲು, ಗೋಣಿಚೀಲ ಎಲ್ಲವನ್ನೂ ತೂಕಕ್ಕೆ ಮಾರಿದರು. ಒಯ್ಯುವ ಮುಂಚೆ ನಾನು ಓಡಿಹೋಗಿ ಒಂದು ತುಂಡನ್ನು ಉಳಿಸಿಕೊಂಡೆ, ಅದೇ ಈ ಡಬ್ಬಿಯದು. ಲಾಭದ ಸಂತೋಷಕ್ಕೆ ಅಂಗಡಿಯ ಮುಂದೆ ಒಂದು ಸನ್ಮಾನವೂ ಆಯಿತು. ನನಗೂ ನಾಗರಾಜನಿಗೂ ಶಾಲು ಹೊದಿಸಿದರು, ಎರಡೆರಡು ಮೀಟರಿನ ಅಂಚು ಹೊಲಿಯದ ಕಟ್‌ಪೀಸು. ಆಮೇಲೆ ನಮ್ಮ ಕಡೆ ಯಾರು ಸಿನಿಮಾ ಮಾಡಲು ಹೊರಟರೂ ಅವರಲ್ಲಿ ಸಲಹೆ ಕೇಳಲು ಬರುತ್ತಿದ್ದರು. "ಮೊದ್ಲು ಕತೆ ಕಮ್ಮಿ ಮಾಡ್ರಿ" ಎನ್ನುತ್ತಿದ್ದರು ಕೊಟ್ರಪ್ಪನವರು. ನಾಗರಾಜ ಲೇತಿಗೆ ಮರಳಿದ. ಸಿನಿಮಾದ ಮಾತು ಮತ್ತೆ ಎತ್ತಲಿಲ್ಲ, ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಇಷ್ಟು ವರ್ಷ ಇಷ್ಟು ಹಗುರಾಗಿ ಸುಳ್ಳು ಹೇಳುತ್ತಿರಲಿಲ್ಲವೇನೋ.

ಸುಳ್ಳು ಎಂದೆನಲ್ಲ. ಮುಚ್ಚಳ ಅಷ್ಟರಲ್ಲಿ ಸಡಿಲವಾಯಿತು.

ಸುರುಳಿ ಒಣಗಿ ಮುರುಟಿಕೊಂಡಿತ್ತು. ಒಂದು ತುದಿಯನ್ನು ಬಿಡಿಸಿ ಬಿಸಿಲಿಗೆ ಹಿಡಿದೆ. ಹೆಂಡತಿಯೂ ಬಂದು ಇಣುಕಿದಳು. ಹೊಳೆ ಇರಲಿಲ್ಲ. ಖಾಕಿ ಅಂಗಿ, ಬಾಚಿದ ಕ್ರಾಪು, ಅರ್ಧ ತೆರೆದ ಬಾಯಿ. "ಇದು ನೀವಲ್ಲೇನ್ರಿ?" ಎಂದಳು. ನನಗೆ ಆಶ್ಚರ್ಯವಾಗಬೇಕಿತ್ತು, ಆಗಲಿಲ್ಲ. ಲೋಕಿಕೆರೆಯ ಟೆಂಟಿನಲ್ಲಿ ಗೋಣಿಚೀಲಕ್ಕೆ ಕೈ ಹಾಕಿದಾಗ ಯಾವ ತುಂಡನ್ನು ಹುಡುಕುತ್ತಿದ್ದೆನೆಂದು ನನ್ನ ಕೈಗೆ ಗೊತ್ತಿತ್ತು. ಬಾಯಿ ಅದನ್ನು ಬೇರೆ ಥರ ಹೇಳುತ್ತಾ ಬಂತು, ಕಿವಿ ನಂಬುತ್ತಾ ಬಂತು. ಕೊಟ್ರಪ್ಪನವರನ್ನು ಇಷ್ಟುದ್ದ ಆಡಿಕೊಂಡೆನಲ್ಲ, ಅವರು ತಮ್ಮ ಮುಖವನ್ನು ಸಿನಿಮಾದಲ್ಲಿ ಒಂದು ಅಡಿಯಷ್ಟೂ ಹಾಕಿಸಿಕೊಂಡಿರಲಿಲ್ಲ.

"ವಾಸನೆ ಬಂದು ಹಾಳಾಗೈತೆ ಅಂತ ಹೇಳಿಬಿಡ್ರಿ" ಎಂದಳು ಹೆಂಡತಿ. ಒಳ್ಳೆಯ ಉಪಾಯ. ಫೋನು ಕೈಗೆ ತೆಗೆದುಕೊಂಡಿದ್ದೆ ಕೂಡ. ಆದರೆ ಭಾನುವಾರ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹರಿಹರದ ಬಸ್ಸು ಹತ್ತಿದೆ.

ಗಿರಿಜಕ್ಕ ಕಿಟಕಿಯ ಪಕ್ಕ ಹೊಲಿಗೆ ಮಷಿನ್ನಿನ ಮುಂದೆ ಕೂತಿದ್ದಳು. ಕನ್ನಡಕ ಬಂದಿದೆ. ನಾನು ಕೂರುವ ಮುಂಚೆಯೇ ಎಲ್ಲವನ್ನೂ ಹೇಳಿದೆ, ಕ್ಯಾಬಿನ್ನಿನ ಮೇಜು, ಎರಡು ತುಂಡು, ನನ್ನ ಮಾತು. ಅವಳು ಸುರುಳಿಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು. ಎಂಟೊಂಬತ್ತು ವರ್ಷದ ಮೊಮ್ಮಗಳು ತೋಳಿಗೆ ಆತುಕೊಂಡು ನೋಡಿದಳು. "ಇದು ಯಾರೋ ಮಾಮ. ನೀನೆಲ್ಲಿ ಅಜ್ಜಿ?"

ಗಿರಿಜಕ್ಕ ತುಂಡಿನ ಕೊನೆಯ ತನಕ ಬೆರಳು ಜರುಗಿಸುತ್ತಾ ಹೋದಳು. ಅಂಚೆಯವನು ಪತ್ರ ಕೊಟ್ಟು ತಿರುಗಿ ಹೋದ ಮೇಲೆ, ಕ್ಯಾಮೆರಾ ನಿಲ್ಲುವ ಮುಂಚೆ, ಆರೋ ಏಳೋ ಚೌಕಗಳಲ್ಲಿ ಬರೀ ಒಂದು ಕೈ ಉಳಿದಿದೆ. ಪತ್ರ ಹಿಡಿದ ಕೈ. ತೋರುಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆ ಕೂಡ ಕಾಣುತ್ತದೆ. "ಇದು ನಾನು" ಎಂದಳು. ಹುಡುಗಿ ಆ ಕೈಯನ್ನು ನೋಡಿದಳು, ಆಮೇಲೆ ಅಜ್ಜಿಯ ಕೈಯನ್ನು ಹಿಡಿದು ತಿರುಗಿಸಿ ನೋಡಿದಳು. ನಗಲಿಲ್ಲ.

ಗಿರಿಜಕ್ಕ ಮಷಿನ್ನಿನ ಮೇಲಿದ್ದ ಕತ್ತರಿಯಿಂದ ಆ ಚೌಕಗಳನ್ನು ನೇರವಾಗಿ ಕತ್ತರಿಸಿ ಮೊಮ್ಮಗಳ ಕೈಗೆ ಕೊಟ್ಟಳು. ಉಳಿದದ್ದನ್ನು ನೀಟಾಗಿ ಸುತ್ತಿ, ಡಬ್ಬಿಯಲ್ಲಿಟ್ಟು, ಮುಚ್ಚಳ ಒತ್ತಿ ನನ್ನ ಮುಂದಿಟ್ಟಳು.

"ನಿಮ್ ಮುಖ ಚಲೋ ಬಂದೈತ್ರಿ, ಕವಿಗಳೇ. ತಗಂಡು ಹೋಗ್ರಿ" ಎಂದಳು. ಆ ಹೆಸರಿನಿಂದ ಅವಳು ನನ್ನನ್ನು ಕರೆದದ್ದು ಅದೇ ಮೊದಲು. ಆಮೇಲೆ ಚಹಾ ಕೊಟ್ಟಳು, ಕುಡಿದೆ.

ವಾಪಸು ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನವನು ಮೂಗು ಹಿಡಿದುಕೊಂಡ. "ಏನೈತ್ರಿ ಅದರಾಗ?" ಎಂದು ಕೇಳಿದ. ಮುಂಚಿನ ನಾನಾಗಿದ್ದರೆ ದಾವಣಗೆರೆ ಬರುವ ತನಕ ಅವನನ್ನು ಬಿಡುತ್ತಿರಲಿಲ್ಲ.

"ಕಟ್‌ಪೀಸು" ಎಂದೆ.